ಹೇಳಿದವರು ಯಾರು?

ಕಾಲೇಜಿನಲ್ಲಿ ಎಲ್ಲರೂ ಅವರನ್ನು ಆಕರ ಮೇಡಂ ಅಂತಲೇ ಕರೆಯುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಯಾರಾದರೂ ರಜೆ ಸಿಗುತ್ತದಂತೆ, ಪರೀಕ್ಷೆ ಮುಂದೆ ಹೋಗುತ್ತದಂತೆ ಎಂದರೆ ಸಾಕು, ಗಣಿತದ ಮೇಷ್ಟ್ರು ಅವರ ಕಡೆ ತಿರುಗಿ, "ಮೇಡಂ, ಇದಕ್ಕೆ ಆಕರ ಯಾವುದು ಅಂತ ಕೇಳಿ ಸ್ವಲ್ಪ" ಎನ್ನುತ್ತಿದ್ದರು. ಮೇಡಂ ನಗುತ್ತಿದ್ದರು. ಮೊದಮೊದಲು ನಿಜವಾಗಿಯೇ ನಗು ಬರುತ್ತಿತ್ತು. ಬರಬರುತ್ತಾ ಅದು ಬಾಯಿಪಾಠವಾಯಿತು.

ಇಂಗ್ಲಿಷ್ ಕಲಿಸುತ್ತಿದ್ದ ಅವರು ಪಿಎಚ್.ಡಿ.ಗೆ ಸೇರಿದ್ದು ತಲೆಗೂದಲು ನೆರೆಯಲು ಶುರುವಾದ ಮೇಲೆ. ಹಳೆಯ ಅಮೆರಿಕನ್ ಸಣ್ಣಕತೆ ಮತ್ತು ನಾಟಕಗಳಲ್ಲಿ ಬರುವ ಮನೆಯ ಹೆಂಗಸರ ಬಗ್ಗೆ ವಿಮರ್ಶಕರು ಏನೇನು ಬರೆದಿದ್ದಾರೆ ಎಂಬುದು ವಿಷಯ. ಡಿಗ್ರಿಯಿಲ್ಲದೆ ಬಡ್ತಿಯಿಲ್ಲ ಎಂಬ ಸುತ್ತೋಲೆ ಬಂದದ್ದು ಒಂದು ನೆಪ, ಅಷ್ಟೆ. ಅವರನ್ನು ಹಿಡಿದು ಕೂರಿಸಿದ್ದು ಒಂದು ಏಕಾಂಕ.

ಅದರಲ್ಲಿ ಒಂದು ಸಂಸಾರದ ಗಂಡಸರೆಲ್ಲ ಅಡುಗೆಮನೆಯಲ್ಲಿ ಸೇರಿ ಮನೆ ಮಾರಬೇಕೋ ಬೇಡವೋ ಎಂದು ವಾದಿಸುತ್ತಾರೆ. ವರ್ಷಗಟ್ಟಲೆ ಪಾಠ ಮಾಡಿದ್ದ ನಾಟಕ. ಒಂದು ಮಧ್ಯಾಹ್ನ ಒಂದರ ಹಿಂದೊಂದು ತರಗತಿ ತೆಗೆದುಕೊಂಡು, ಪಾದ ಊದಿಕೊಂಡು ನಿಂತಿದ್ದಾಗ ಅದು ಕಣ್ಣಿಗೆ ಬಿತ್ತು. ಅಪ್ಪ ಕುರ್ಚಿ ಎಳೆದುಕೊಳ್ಳುತ್ತಾನೆ. ದೊಡ್ಡ ಮಗ ಕಿಟಕಿಕಟ್ಟೆಯ ಮೇಲೆ ಕೂರುತ್ತಾನೆ. ಕರೆಯದೆ ಬಂದ ನೆಂಟನಿಗೂ ಒಂದು ಸ್ಟೂಲಿದೆ. ಅಮ್ಮ ಬಡಿಸುತ್ತಾಳೆ, ಒರೆಸುತ್ತಾಳೆ, ಬಾಗಿಲು ತೆಗೆಯುತ್ತಾಳೆ. ಪರದೆ ಬೀಳುವವರೆಗೆ ಆಕೆ ಎಲ್ಲೂ ಕೂರುವುದಿಲ್ಲ. ಕೂತ್ಕೋ ಎಂದು ಯಾರೂ ಹೇಳುವುದೂ ಇಲ್ಲ.

ಇದರ ಮೇಲೆ ಒಂದು ಅಧ್ಯಾಯ ಬರೆದು ಮಾರ್ಗದರ್ಶಕರಿಗೆ ಕೊಟ್ಟರು. ಪ್ರೊಫೆಸರು ಓದಿ ತಲೆದೂಗಿದರು.

"ಒಳ್ಳೆ ಮಾತು. ಯಾರು ಹೇಳಿದ್ದು ಇದನ್ನ?"

"ಯಾರೂ ಹೇಳಿಲ್ಲ ಸರ್. ನಾನೇ ಗಮನಿಸಿದ್ದು."

"ನೀವು ಗಮನಿಸಿದ್ರೆ ಆಗಲ್ವಲ್ಲಮ್ಮ. ನಿಮ್ಮ ವಿಷಯಾನೇ ವಿಮರ್ಶಕರು ಏನಂದ್ರು ಅಂತ. ಯಾರಾದ್ರೂ ಹೇಳಿರ್ತಾರೆ, ಹುಡುಕಿ. ಸಿಗದಿದ್ರೆ ಈ ಅಧ್ಯಾಯ ಬಿಟ್ಟುಬಿಡೋಣ."

ಅವರು ಕೆಟ್ಟವರಲ್ಲ. ಆಧಾರ ಸಾಲದೆಂದು ಅವರ ಸ್ವಂತ ಪ್ರಬಂಧವೇ ಒಮ್ಮೆ ವಾಪಸು ಬಂದಿತ್ತು. ಬಾಯಿ ಸುಟ್ಟುಕೊಂಡ ಬೆಕ್ಕಿಗೆ ಹಾಲು ಕಂಡರೂ ಭಯ.

ಅಧ್ಯಾಯ ಬಿಡಲು ಮೇಡಂಗೆ ಮನಸ್ಸು ಬರಲಿಲ್ಲ. ಭಾನುವಾರ ಬಂತೆಂದರೆ ಬಸ್ಸು ಹತ್ತಿ ವಿಶ್ವವಿದ್ಯಾಲಯದ ಲೈಬ್ರರಿಗೆ ಹೋಗುವುದು ರೂಢಿಯಾಯಿತು. ಕಂಪ್ಯೂಟರಿನಲ್ಲಿ ಲೇಖನದ ಮೊದಲ ಪುಟ ಕಾಣುತ್ತಿತ್ತು, ದುಡ್ಡು ಕಟ್ಟದೆ ಮುಂದಿನದಕ್ಕೆ ಬೀಗ. ಹಾಗಾಗಿ ಬೈಂಡು ಮಾಡಿದ ಹಳೆಯ ಪತ್ರಿಕೆಗಳ ಸಂಪುಟಗಳನ್ನೇ ಎಳೆದು, ಧೂಳಿಗೆ ಸೀನುತ್ತಾ, ಕೊನೆಯ ಸೂಚಿಯಿಂದ ಹಿಂದಕ್ಕೆ ಓದುತ್ತಿದ್ದರು. ಅಪ್ಪನ ಅಹಂಕಾರದ ಬಗ್ಗೆ ರಾಶಿ ಬರಹ ಸಿಕ್ಕಿತು. ಮಗನ ಬಂಡಾಯದ ಬಗ್ಗೆಯೂ ಸಿಕ್ಕಿತು. ಆ ಅಡುಗೆಮನೆಯ ಒಲೆ ಯಾವುದರ ಸಂಕೇತ ಎಂಬ ಬಗ್ಗೆ ಒಂದಿಡೀ ಲೇಖನವಿತ್ತು. ಒಲೆಯ ಮುಂದೆ ನಿಂತವಳ ಬಗ್ಗೆ ಒಂದು ಸಾಲಿರಲಿಲ್ಲ.

ಮನೆಯಲ್ಲಿ ಅತ್ತೆಗೆ ಇದು ಬಗೆಹರಿಯದ ಒಗಟು. "ಯಾರದೋ ಮನೆ ಹೆಂಗಸು ಕೂತ್ಲೋ ಬಿಟ್ಲೋ, ನಿನಗ್ಯಾಕೆ ಊರ ಉಸಾಬರಿ?"

ಗಡಿಯಾರ ರಿಪೇರಿ ಮಾಡುವ ಗಂಡ ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ತೆಗೆಯದೆಯೇ, "ಅಮ್ಮ, ಅವಳು ಹುಡುಕ್ತಿರೋದು ಹೆಂಗಸನ್ನಲ್ಲ, ಸಾಕ್ಷೀನ" ಎಂದರು.

"ಸಾಕ್ಷಿ ಸಿಗೋ ಹೊತ್ತಿಗೆ ಇವಳ ಮಂಡಿ ಚಿಪ್ಪು ಸವೆದಿರುತ್ತೆ ನೋಡು."

ವರ್ಷಗಳು ಉರುಳಿದವು. ಕನ್ನಡಕದ ನಂಬರು ಏರಿತು, ಭುಜ ಹಿಡಿದುಕೊಂಡಿತು. ಒಂದು ಸಲ ಸುಸ್ತಾಗಿ, ಸಾಕಪ್ಪಾ ಸಾಕು ಎನ್ನಿಸಿ, 'ಒಬ್ಬ ವಿಮರ್ಶಕರು ಹೇಳುವಂತೆ' ಎಂದು ಟೈಪು ಮಾಡಿಯೂಬಿಟ್ಟರು. ಆ ಇಲ್ಲದ ವಿಮರ್ಶಕನಿಗೆ ಒಂದು ಹೆಸರು ಕೊಡಬೇಕಾಗಿ ಬಂದಾಗ ಅಸಹ್ಯವಾಯಿತು, ಅಳಿಸಿದರು.

ಕೊನೆಗೆ ಸಿಕ್ಕಿದ್ದು ಲೈಬ್ರರಿಯ ನೆಲಮಾಳಿಗೆಯಲ್ಲಿ. ಗೋಡೆ ಒಸರುತ್ತಿದೆಯೆಂದು ಅಲ್ಲಿದ್ದದ್ದನ್ನೆಲ್ಲ ಮೇಲಕ್ಕೆ ಸಾಗಿಸುತ್ತಿದ್ದರು. ಯಾರೋ ದಾನ ಕೊಟ್ಟ ಪೆಟ್ಟಿಗೆಯಲ್ಲಿ ಎಂದೋ ನಿಂತುಹೋದ ಒಂದು ಅಮೆರಿಕನ್ ಕಾಲೇಜು ಪತ್ರಿಕೆ, ಅದರಲ್ಲಿ ಒಬ್ಬ ಅಧ್ಯಾಪಕಿಯ ಪುಟ್ಟ ಲೇಖನ. ಈ ತಾಯಿಗೆ ನಾಟಕಕಾರ ಕುರ್ಚಿಯನ್ನೇ ಇಟ್ಟಿಲ್ಲ, ಎಂದು ಆಕೆ ಬರೆದಿದ್ದಳು. ಮೇಡಂ ಹುಟ್ಟುವ ಮೊದಲೇ ಬರೆದಿದ್ದಳು.

ಕೂಗಬೇಕೆನ್ನಿಸುವಷ್ಟು ಸಂತೋಷವಾಯಿತು. ಜೆರಾಕ್ಸ್ ಯಂತ್ರದಿಂದ ಬಂದ ಹಾಳೆ ಇನ್ನೂ ಬೆಚ್ಚಗಿತ್ತು. ಆದರೆ ಬಸ್ಸು ಊರು ದಾಟುವ ಹೊತ್ತಿಗೆ ಅದನ್ನು ಮಡಚಿ ಚೀಲದ ತಳಕ್ಕೆ ಸೇರಿಸಿದರು. ಇಷ್ಟು ವರ್ಷ ಜೋಪಾನ ಮಾಡಿದ ಒಂದೇ ಒಂದು ಸ್ವಂತ ಮಾತು ಈಗ ಬೇರೆಯವರ ಸೊತ್ತಾಗಿತ್ತು.

"ನಾನು ಹೇಳಿರಲಿಲ್ವಾ!" ಎಂದು ಪ್ರೊಫೆಸರು ಹಿಗ್ಗಿದರು. ಕೆಂಪು ಪೆನ್ನು ತೆಗೆದು 'ನನಗೆ ಕಾಣುವಂತೆ' ಎಂಬುದನ್ನು ಹೊಡೆದುಹಾಕಿ, 'ಈ ಲೇಖಕಿ ಗುರುತಿಸಿರುವಂತೆ' ಎಂದು ಬರೆದರು. ಮೇಡಂ ಬೇಡವೆನ್ನಲಿಲ್ಲ. ವಾದ ಮಾಡಲು ಮೈಯಲ್ಲಿ ಕಸುವಿರಲಿಲ್ಲ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ಅದೇ ಪುಟ ತೆರೆದರು. "ಇಡೀ ಪ್ರಬಂಧದಲ್ಲಿ ಚೆನ್ನಾಗಿರೋದು ಇದು. ಆದ್ರೆ ಇದು ಬೇರೆಯವರದಲ್ವಾ? ನಿಮ್ಮದು ಅಂತ ಯಾವುದಿದೆ?"

ಮೇಡಂ ಆ ಪುಟದ ಮೇಲೆ ಬೆರಳಿಟ್ಟರು. "ಅದೇ ನನ್ನದು ಸರ್. ಆ ಲೇಖನ ಸಿಗೋಕೆ ಮುಂಚೇನೇ ನನಗೆ ಹೊಳೆದಿತ್ತು."

"ಅದಕ್ಕೆ ಆಧಾರ?"

"ಇಲ್ಲ."

ಪರೀಕ್ಷಕರು ನಕ್ಕರು. ಅದರಲ್ಲಿ ಕುಹಕವೇನಿರಲಿಲ್ಲ. ಮೇಜಿನ ಸುತ್ತ ಕೂತವರೂ ನಕ್ಕರು. ಕನ್ನಡಕ ಒರೆಸುತ್ತಿದ್ದ ಪ್ರೊಫೆಸರು ಮಾತ್ರ ತಲೆಯೆತ್ತಿದರು.

"ಅವರು ಹೇಳ್ತಿರೋದು ನಿಜ. ಮೊದಲೇ ಬರೆದು ತಂದಿದ್ರು. ಯಾರು ಹೇಳಿದ್ದು ಅಂತ ಹುಡುಕೋಕೆ ಓಡಿಸಿದವನು ನಾನು."

ನಗು ನಿಂತಿತು. ಪರೀಕ್ಷಕರು ಇಬ್ಬರ ಮುಖವನ್ನೂ ನೋಡಿ, "ಅದನ್ನ ಒಂದು ಸಾಲು ಬರೀಬಹುದಿತ್ತಲ್ಲ?" ಎಂದರು.

"ಬರೀಬಹುದಿತ್ತು" ಎಂದರು ಪ್ರೊಫೆಸರು. ಪ್ರಬಂಧ ಆಗಲೇ ರಟ್ಟು ಹಾಕಿಸಿಕೊಂಡು ಕೂತಿತ್ತು. ಡಿಗ್ರಿಗೆ ಶಿಫಾರಸಾಯಿತು, ಕೈಕುಲುಕಿದರು.

ಮೆಟ್ಟಿಲಿಳಿಯುವಾಗ ಪ್ರೊಫೆಸರು ಹಿಂದಿನಿಂದ ಬಂದು, "ನನ್ನ ಮೇಲೆ ಬೇಜಾರಿದ್ಯಾ?" ಎಂದು ಕೇಳಿದರು.

"ಬೇಜಾರು ಮಾಡ್ಕೊಳ್ಳೋಕೂ ಶಕ್ತಿ ಬೇಕಲ್ಲ ಸರ್" ಎಂದರು ಮೇಡಂ. ಆಮೇಲೆ, ಅದು ಒರಟಾಯಿತೇನೋ ಎನ್ನಿಸಿ, "ಒಳಗೆ ನೀವು ನಿಜ ಹೇಳಿದ್ದು ಒಳ್ಳೇದಾಯ್ತು" ಎಂದು ಸೇರಿಸಿದರು.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕಾದಿದ್ದರು. "ಮುಗೀತಾ?"

"ಮುಗೀತು ಅತ್ತೆ."

"ಪಾಸಾ?"

"ಪಾಸು."

"ಹಾಗಿದ್ರೆ ಮುಖ ಯಾಕೆ ಫೇಲಾದವರ ಥರ? ಹೋಗು, ಕೈಕಾಲು ತೊಳ್ಕೊಂಡು ಮಲಗು. ಒಲೆ ನಾನು ನೋಡ್ಕೋತೀನಿ."

ಬಟ್ಟೆಯನ್ನೂ ಬದಲಿಸದೆ ಮೇಡಂ ಮಲಗಿದರು. ಅಂಗಡಿ ಮುಚ್ಚಿ ಬಂದ ಗಂಡ ಎರಡು ಸಲ ಎಬ್ಬಿಸಲು ನೋಡಿ, ದೀಪ ಆರಿಸಿ ಹೊರಗೆ ಹೋದರು. ಬೆಳಗ್ಗೆ ಮೊದಲ ಪೀರಿಯಡ್ ಜೂನಿಯರ್‌ಗಳಿಗೆ ವ್ಯಾಕರಣವಿತ್ತು.