ಶೆಟ್ಟರ ಸಾಲಿಗೆ ಹೊಸ ಹೆಸರು ಹೊತ್ತು ಕುವೈತಿಗೆ

ಕುವೈತಿನ ವಿಮಾನ ನಿಲ್ದಾಣದಿಂದ ಹೊರಬಂದಾಗ ಮುಂಜಾನೆಯೇ ಬಿಸಿಗಾಳಿ ಮುಖಕ್ಕೆ ಬಡಿಯಿತು. ಕರೆದೊಯ್ಯಲು ಬಂದವನು ಬಸವರಾಜ. ಗದಗ ಕಡೆಯ ನಮ್ಮೂರ ಶಾಲೆಯಲ್ಲಿ ನನ್ನ ಕೈಯಲ್ಲಿ ಕಲಿತ ಹುಡುಗ, ಈಗ ಇಲ್ಲಿಯ ಮಿರ್ಕಾಬ್ ಬಡಾವಣೆಯಲ್ಲಿ ಏಸಿ ರಿಪೇರಿಯ ಕಂಪನಿ ನಡೆಸುತ್ತಾನೆ. ಶಾಲೆಗೆ ಕೋಣೆಗಳು ಬೇಕಿದ್ದವು. ಅವನು ಕಟ್ಟಿಸಿಕೊಟ್ಟರೆ ಶಾಲೆಗೆ ಅವನ ಹೆಸರೇ ಇಡುವುದೆಂದು ಆಡಳಿತ ಮಂಡಳಿ ತೀರ್ಮಾನಿಸಿ, ನಿವೃತ್ತ ಮುಖ್ಯೋಪಾಧ್ಯಾಯಿನಿಯೂ ಮಂಡಳಿಯ ಸದಸ್ಯೆಯೂ ಆದ ನನ್ನನ್ನು ಕಳಿಸಿತ್ತು.

ನಗರದ ಹೊರಗೆ ಖೈತಾನಿನಲ್ಲಿದ್ದ ಅವನ ಮನೆಯಲ್ಲಿ ಜೋಳದ ರೊಟ್ಟಿಗೆ ಕೊರತೆಯಿರಲಿಲ್ಲ. ಶುಕ್ರವಾರ ರಜೆ. ಕಾರಿದ್ದರೂ ನನ್ನ ಆಸೆಗೆಂದು ಕಾಲು ದಿನಾರಿನ ಬಸ್ಸಿನಲ್ಲಿ ನಗರಕ್ಕೆ ಹೋದೆವು. ಅವನ ಕಂಪನಿಯ ಲೆಕ್ಕ ನೋಡುವ ಮಿಲೇನಾ ಅಲ್ಲಿ ಕಾದಿದ್ದಳು, ಸರ್ಬಿಯಾದವಳು. ಸೂಕ್ ಎಂಬ ಹಳೆಯ ಪೇಟೆಯ ಪಕ್ಕದ ಶಾಲೆಯೊಂದನ್ನು ತೋರಿಸಿದರು. ಎಣ್ಣೆ ಸಿಗುವ ಮೊದಲೇ ಇಲ್ಲಿಯ ವ್ಯಾಪಾರಿಗಳು ಹಣ ಕೂಡಿಸಿ ತೆರೆದದ್ದಂತೆ.

ಊಟಕ್ಕೆ ಖುಬ್ಬೂಸ್ ರೊಟ್ಟಿ, ಕಡಲೆ ಅರೆದ ಹಮ್ಮುಸ್ ತರಿಸಿದರು. ಇದೇ ಸಮಯವೆಂದು ಫೋನಿನಲ್ಲಿ ಹೊಸ ಬೋರ್ಡಿನ ಚಿತ್ರ ತೋರಿಸಿದೆ. ಬಸವರಾಜ ಬಹಳ ಹೊತ್ತು ನೋಡಿದ.

"ಶೆಟ್ಟರ ಹೆಸರು ಎಲ್ಲಿ ಬರೀತೀರಿ, ಅಕ್ಕೋರ?"

ಅರಳೆ ವ್ಯಾಪಾರಿ ರಾಚಪ್ಪ ಶೆಟ್ಟರು ತಮ್ಮ ಸ್ವಂತ ಜಾಗದಲ್ಲಿ ಕಟ್ಟಿಸಿದ ಶಾಲೆ ಅದು.

"ಅವರನ್ನ ಈಗ ಯಾರು ನೆನಸ್ತಾರಪ್ಪ?" ಎಂದೆ.

ಏನೆಂದು ಮಿಲೇನಾ ಕೇಳಿದಳು. ಅವನು ಇಂಗ್ಲಿಷಿನಲ್ಲಿ ವಿವರಿಸಿದ. ಸರ್ಬಿಯಾ ಪರರ ಆಳ್ವಿಕೆಯಲ್ಲಿದ್ದಾಗ ತನ್ನ ಜನರಿಗೆ ಅಕ್ಷರ ಉಳಿಸಿದವರು ಧಾನ್ಯ, ಹಂದಿ ಮಾರುತ್ತಿದ್ದ ವ್ಯಾಪಾರಿಗಳು ಎಂದಳು ಅವಳು. ತನ್ನೂರಿನ ಶಾಲೆಯೂ ಅಂಥವನೊಬ್ಬನ ಉಯಿಲಿನ ಹಣದ್ದು. ಎರಡನೆಯ ಮಹಾಯುದ್ಧದ ನಂತರದ ಕಮ್ಯುನಿಸ್ಟ್ ಸರ್ಕಾರ ಅವನ ಹೆಸರು ಅಳಿಸಿತು. "ನಮ್ಮಜ್ಜಿ ಮಾತ್ರ ಸಾಯುವವರೆಗೂ ಹಳೆಯ ಹೆಸರಿನಿಂದಲೇ ಕರೆದಳು. ನಿಮ್ಮಲ್ಲಿ ಯಾವ ಸರ್ಕಾರ ಅಳಿಸುತ್ತಿದೆ?" ಎಂದು ಕೇಳಿದಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ.

ಫೋನನ್ನು ಚೀಲದೊಳಗೆ ಹಾಕಿದೆ. ಶೆಟ್ಟರು ಹೆಣ್ಣುಮಕ್ಕಳನ್ನೂ ಸೇರಿಸಿಕೊಳ್ಳದಿದ್ದರೆ ನಾನೇ ಓದುತ್ತಿರಲಿಲ್ಲ.

"ಖೋಲಿ ಕಟ್ಟಸ್ತೇನ್ರಿ," ಎಂದ ಬಸವರಾಜ ಮೆಲ್ಲಗೆ. "ನನ್ನ ಹೆಸರು ಬ್ಯಾಡ. ನಮ್ಮವ್ವ ಶೆಟ್ಟರ ಸಾಲಿ ಅಂತನ ಕೈ ಹಿಡದು ಬಿಟ್ಟು ಬರತಿದ್ಲು."

ಸಂಜೆ ಮಂಡಳಿಯ ಅಧ್ಯಕ್ಷರಿಗೆ ಫೋನ್ ಮಾಡಿ, ಬಸವರಾಜ ಹೆಸರಿಲ್ಲದೆಯೇ ಕೋಣೆ ಕಟ್ಟಿಸುತ್ತಾನೆಂದು ಹೇಳಿದೆ. ಅವರು ಖುಷಿಯಾದರು. "ಚಲೋ ಆತು! ಹೆಸರಿಗೆ ರೊಕ್ಕ ಕೊಡೂ ಬ್ಯಾರೆ ಯಾರನ್ನರ ಹುಡುಕೂಣು."

"ನಾ ಇರೂತನಕ ಶೆಟ್ಟರ ಹೆಸರು ತಗಿಯಾಕ ಬಿಡಂಗಿಲ್ರಿ," ಎಂದೆ.

"ಮಂಡಳಿ ಸಭಾದಾಗ ನೀವೂ ಕೈ ಎತ್ತಿದ್ರಲ್ರಿ," ಎಂದು ಅವರು ನಕ್ಕರು. ನಾನು ಫೋನ್ ಇಟ್ಟೆ.

ಮರುದಿನ ನಿಲ್ದಾಣದ ಬಾಗಿಲಲ್ಲಿ ಬಸವರಾಜ ನನ್ನ ಕಾಲು ಮುಟ್ಟಲು ಬಾಗಿದ. ಸಭೆಯಲ್ಲಿ ಎತ್ತಿದ ಕೈ ನೆನಪಾಗಿ ನಾನು ಹಿಂದೆ ಸರಿದೆ. ಅವನು ಅರ್ಥವಾಗದೆ ನೋಡುತ್ತಾ ನಿಂತ.