ಅಳಿಯನಿಗೆ ಬಡಿಸದ ಅತ್ತೆ

ಲುಸಾಕಾದ ಸಂತೆಯಲ್ಲಿ ನನ್ನ ಪಕ್ಕ ಕೂತು ಒಣಮೀನು ಮಾರುವ ಬನಾ ಮ್ವಾನ್ಸಾ, ಅಂದರೆ ಮ್ವಾನ್ಸಾಳ ತಾಯಿ, ಯಾರನ್ನೂ ನಂಬುವ ಹೆಂಗಸಲ್ಲ. ನಾನು ಕೊಟ್ಟ ಉಪ್ಪನ್ನೂ ನಾಲಿಗೆಗೆ ಹಚ್ಚಿ ನೋಡುತ್ತಾಳೆ. ಆದರೂ ಬೈಯಲು ನನಗೆ ಬಾಯಿ ಬರುವುದಿಲ್ಲ. ಲಾರಿ ಓಡಿಸುತ್ತಿದ್ದ ಅವಳ ಗಂಡ ಸತ್ತ ದಿನ, ಹೆಣದ ಆಚೆ ಬದಿಯಲ್ಲಿ ಇನ್ನೊಬ್ಬಳು ತನ್ನ ಮಕ್ಕಳನ್ನು ತಬ್ಬಿಕೊಂಡು ಅಳುತ್ತಿದ್ದಳು. ಅಂಥವಳೊಬ್ಬಳು ಇದ್ದಾಳೆಂದು ಇವಳಿಗೆ ಗೊತ್ತಾಗಿದ್ದೇ ಆಗ.

ಹಾಗಾಗಿ ಮಗಳು ಮ್ವಾನ್ಸಾಳ ಗಂಡ ಮುಬಿತಾನ ಮೇಲೆ ಮೊದಲಿನಿಂದಲೂ ಒಂದು ಕಣ್ಣು. ನಮ್ಮಲ್ಲಿ ಅಳಿಯ ಅತ್ತೆಯ ಮುಖ ನೋಡುವಂತಿಲ್ಲ, ಮುಟ್ಟುವಂತಿಲ್ಲ, ಎದುರಿಗೆ ಉಣ್ಣುವಂತಿಲ್ಲ. ಈ ಕಟ್ಟು ಕಳಚಬೇಕೆಂದರೆ ಅತ್ತೆಯೇ ಮನಸ್ಸು ಮಾಡಿ, ಕೋಳಿ ಬೇಯಿಸಿ, ಹೆಂಗಸರನ್ನು ಕಟ್ಟಿಕೊಂಡು ಅವನ ಮನೆಗೆ ಹೊತ್ತೊಯ್ದು ಬಡಿಸಬೇಕು. ಕೋಳಿಯ ಹೊಟ್ಟೆಯೊಳಗಿನ ಗಟ್ಟಿ ತುಂಡು, ಕಂದನಕಾಯಿ, ಮನೆಯವರು ಗೌರವಿಸುವ ಗಂಡಸಿಗೇ ಮೀಸಲು. ವರ್ಷಗಳು ಕಳೆದರೂ ಬನಾ ಮ್ವಾನ್ಸಾ ಆ ಅಡುಗೆಗೆ ಒಲೆ ಹಚ್ಚಲಿಲ್ಲ. ಅವನು ಮುಖ ತಪ್ಪಿಸಿದಷ್ಟೂ ಇವಳ ಅನುಮಾನ ಬೆಳೆಯಿತು.

ಒಂದು ಶನಿವಾರ ಎಲ್ಲರನ್ನೂ ಕಾರಿನಲ್ಲಿ ಮೋಸಿ-ಓವಾ-ತುನ್ಯಾ ಜಲಪಾತಕ್ಕೆ ಕರೆದೊಯ್ಯುವುದಾಗಿ ಮುಬಿತಾ ಹೇಳಿಕಳಿಸಿದ. ಅವಳು ನನ್ನನ್ನೂ ಹೊರಡಿಸಿದಳು.

"ಏನೋ ಬಚ್ಚಿಡ್ತಿದಾನೆ ಕಣೇ. ಅದು ಸಿಕ್ತೋ, ಬರೋವಾಗ ಮಗಳು ನೆಟ್ಟಗೆ ನನ್ನ ಮನೆಗೆ."

ದಾರಿಯಲ್ಲಿ ಮೊಂಜೆ ಎಂಬ ಊರಲ್ಲಿ ಕಾರು ನಿಲ್ಲಿಸಿ ಅವನು ಅಂಗಡಿಯ ಹಿಂದೆ ಮರೆಯಾದ. ಚೋಮಾದಲ್ಲೂ ಹಾಗೇ. ಯಾವಳಿಗೋ ಫೋನು ಮಾಡುತ್ತಿದ್ದಾನೆ ಎಂದು ಅವಳು ನನ್ನನ್ನು ಅಟ್ಟಿದಳು. ಹೋಗಿ ನೋಡಿದರೆ ಪಾಪ, ಗೋಡೆಗೆ ಮುಖ ಮಾಡಿ ಬನ್ನು ಅಗಿಯುತ್ತಿದ್ದ. ನನ್ನನ್ನು ಕಂಡು ಉಳಿದದ್ದನ್ನು ಜೇಬಿಗೆ ತುರುಕಿಕೊಂಡ. ಅದನ್ನು ಬಂದು ಹೇಳಿದೆ.

"ನಿಂಗೂ ಒಂದು ಬನ್ನು ಕೊಟ್ನಾ, ಹೀಗೆ ಹೇಳು ಅಂತ?" ಎಂದಳು. ನನಗೆ ಮೈಯೆಲ್ಲ ಉರಿದು ಹೋಯಿತು. ಜಲಪಾತ ಬರುವವರೆಗೂ ಅವಳ ಜೊತೆ ಮಾತು ಬಿಟ್ಟೆ.

ನದಿ ತುಂಬಿ ಹರಿಯುವ ಕಾಲ. ಕಂದರದ ಮೇಲಿನ ಕಿರುಸೇತುವೆಯಲ್ಲಿ ನೀರು ಕೆಳಗಿನಿಂದಲೂ ಮೇಲಿನಿಂದಲೂ ಹೊಡೆಯುತ್ತಿತ್ತು. ನಾನೂ ಮ್ವಾನ್ಸಾಳೂ ದಾಟಿ ತಿರುಗಿದರೆ, ಬನಾ ಮ್ವಾನ್ಸಾ ನಡುವೆ ಕಂಬಿ ತಬ್ಬಿ, ಕಣ್ಣು ಮುಚ್ಚಿ ನಿಂತುಬಿಟ್ಟಿದ್ದಳು. ಹಿಂದೆ ಮುಬಿತಾ. ಕೈ ಹಿಡಿಯುವಂತಿಲ್ಲ. ನೀರಿನ ಹೊಡೆತಕ್ಕೆ ತಾನು ಹೊದ್ದಿದ್ದ ಬಟ್ಟೆಯನ್ನು ಬಿಚ್ಚಿ, ಮುಖ ಆಚೆ ತಿರುಗಿಸಿ ಅವಳನ್ನು ದಾಟಿ ಮುಂದೆ ಬಂದ. ಬಟ್ಟೆಯ ಒಂದು ತುದಿಯನ್ನು ಸೊಂಟಕ್ಕೆ ಬಿಗಿದುಕೊಂಡು, ಇನ್ನೊಂದನ್ನು ಬೆನ್ನ ಹಿಂದಿನಿಂದ ಅವಳ ಕೈಗೆ ಎಟುಕುವಂತೆ ಬಿಟ್ಟ. ಅವಳು ಒಂದು ಕಣ್ಣು ತೆರೆದು ನೋಡಿ, ಹಿಡಿದುಕೊಂಡಳು. ಅವನು ಹೆಜ್ಜೆ ಹೆಜ್ಜೆಯಾಗಿ ನಡೆಸಿಕೊಂಡು ಬಂದ.

ದಾಟಿದ ಮೇಲೆ ಅವಳು ನನ್ನನ್ನು ಪಕ್ಕಕ್ಕೆ ಎಳೆದಳು.

"ಸೊಂಟಕ್ಕೆ ಯಾಕೆ ಕಟ್ಕೊಂಡ? ನಾನು ಜಾರಿದ್ರೆ?"

"ಅವನೂ ನಿನ್ನ ಜೊತೆ ಬರ್ತಿದ್ದ," ಎಂದೆ.

ಮರುದಿನ ವಾಪಸು ಬರುವಾಗ ಜಿಂಬಾದಲ್ಲಿ ಕಾರು ನಿಲ್ಲಿಸಲು ಮಗಳ ಕೈಲಿ ಹೇಳಿಸಿ, ಕೊಕ್ಕು, ರೆಕ್ಕೆ, ಪುಕ್ಕದ ಬುಡವನ್ನೆಲ್ಲ ಪರೀಕ್ಷಿಸಿ ಒಂದು ಕೋಳಿ ಕೊಂಡಳು. ಕಾರು ಹೊರಟಿತು. ಅವಳು ಕಿಟಕಿಯಾಚೆ ನೋಡುತ್ತಲೇ, ಮಗಳಿಗೂ ಅಲ್ಲ, ನನಗೂ ಅಲ್ಲ, ಅವನಿಗೇ ಹೇಳಿದಳು:

"ಮುಂದಿನ ಭಾನುವಾರ ಮನೇಲಿರು. ಅಡುಗೆ ತರ್ತೀವಿ. ಕಂದನಕಾಯಿ ನಿಂಗೇ."

ಸ್ವಲ್ಪ ಮುಂದೆ ಹೋಗಿ ಮುಬಿತಾ ಕಾರು ನಿಲ್ಲಿಸಿ, ಇಳಿದು, ಪೊದೆಯ ಆಚೆ ಹೋದ. ಯಾಕೆ ಇಳಿದ, ನೋಡಿ ಬಾ ಎಂದು ಅವಳು ನನ್ನನ್ನು ತಿವಿದಳು.

ನೋಡಿ ಬಂದೆ. "ಅಳ್ತಿದಾನೆ."

ಅವಳು ತಲೆಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ ನನ್ನ ಕೈಗಿಟ್ಟಳು. ಮುಖ ಒರೆಸಿಕೊಳ್ಳಲಿ ಎಂದಳು. ಅಳಿಯನಿರುವಲ್ಲಿ ತಲೆಬಟ್ಟೆ ಬಿಚ್ಚದ ಹೆಂಗಸು, ಲುಸಾಕಾ ಬರುವವರೆಗೂ ಅವನ ಹಿಂದೆ ಬರಿದಲೆಯಲ್ಲಿ ಕೂತಿದ್ದಳು.