‘ಆರಾಮ’ದ ಬೆನ್ನು ಹತ್ತಿದ ಪೂನಮ್

ಎಂ.ಕೆ. ಹುಬ್ಬಳ್ಳಿಯ ಕಬ್ಬಿನ ಹೊಲದಲ್ಲಿ ಇನ್ನೂ ಮಂಜು ಕರಗಿಲ್ಲ. ಸ್ಕೂಟಿ ನಿಲ್ಲಿಸಿದ ಪೂನಮ್ ಬಿರಬಿರನೆ ಟ್ರ್ಯಾಕ್ಟರಿನತ್ತ ನಡೆಯುತ್ತಾರೆ. ಎರಡನೇ ಬಾರಿ ಹರ್ನಿಯಾ ಆಪರೇಷನ್ ಆದ ಲಗಮಪ್ಪ ಇಂದು ಮೊದಲ ಸಲ ಕಬ್ಬಿನ ಹೊರೆ ಎತ್ತಲಿದ್ದಾರೆ. ಅದನ್ನು ನೋಡಲೆಂದೇ ಪೂನಮ್ ಸಂಗೊಳ್ಳಿಯ ಮನೆಯಿಂದ ಚಹಾ ಕೂಡ ಕುಡಿಯದೆ ಬಂದಿದ್ದಾರೆ.

ಪೂನಮ್ ಬೈಲಹೊಂಗಲದ ಪುಟ್ಟ ಶಸ್ತ್ರಚಿಕಿತ್ಸಾ ಆಸ್ಪತ್ರೆಯೊಂದರ ನರ್ಸ್. ಆಪರೇಷನ್ ಆದವರು ಎಷ್ಟು ದಿನಕ್ಕೆ ಭಾರ ಎತ್ತಬಹುದು ಎಂಬ ಪ್ರಶ್ನೆ ಅಲ್ಲಿನ ಸರ್ಜನ್ ಡಾ. ಬಸವಲಿಂಗ ಅವರನ್ನು ಕೊರೆಯುತ್ತಿತ್ತು. “ಪುಸ್ತಕ ಬರದಾವ್ರು ಕಬ್ಬಿನ ಹೊರಿ ಹೊತ್ತಿಲ್ಲ. ನಮ್ಮ ಮಂದಿ ಸಲುವಾಗಿ ನಾವ ಕಂಡ ಹಿಡಿಯೂಣು,” ಎಂದ ಅವರು, ಬೇಕಾದ ಅನುಮತಿಗಳನ್ನೆಲ್ಲ ಪಡೆದು ಅಧ್ಯಯನ ಶುರುಮಾಡಿದರು. ರೋಗಿಗಳಿಗೆ ತಿಳಿಹೇಳಿ ಒಪ್ಪಿಗೆ ಪಡೆಯುವುದು, ಆಮೇಲೆ ಫೋನಿನಲ್ಲಿ ವಿಚಾರಿಸುವುದು ಪೂನಮ್ ಪಾಲಿಗೆ ಬಂತು.

ಉತ್ತರ ಎಲ್ಲರದೂ ಒಂದೇ: “ಆರಾಮ ಅದೀನ್ರಿ.” ಪೂನಮ್ ಹಿರಿಹಿರಿ ಹಿಗ್ಗಿದರು. ಬೆಳಗಾವಿಯ ವೈದ್ಯರ ಸಭೆಯಲ್ಲಿ ಫಲಿತಾಂಶ ಮಂಡಿಸಲು ಡಾಕ್ಟರೂ ಅಣಿಯಾದರು. ಅಷ್ಟರಲ್ಲಿ ಒಂದು ದಿನ ಇದೇ ದಾರಿಯಲ್ಲಿ ಹೋಗುವಾಗ, ತೊಡೆಸಂದು ಒತ್ತಿ ಹಿಡಿದು ಕುಳಿತ ಲಗಮಪ್ಪ ಪೂನಮ್ ಕಣ್ಣಿಗೆ ಬಿದ್ದರು. ಹರ್ನಿಯಾ ಮರುಕಳಿಸಿತ್ತು.

“ಫೋನಿನ್ಯಾಗ ಆರಾಮ ಅಂದಿದ್ರಲ್ರಿ ಕಾಕಾ?”

“ಯಾರರ ಕೇಳಿದ್ರ ಮತ್ತೇನ ಅನ್ನಬೇಕವ್ವಾ? ಕಾಲ ಮುರದ್ರೂ ಆರಾಮನ ಅಂತೀವಿ.”

ಅದನ್ನು ನೆನೆದರೆ ಪೂನಮ್ ಈಗಲೂ ಹಣೆ ಚಚ್ಚಿಕೊಳ್ಳುತ್ತಾರೆ. “ಆರಾಮ ಅದೀರೇನ್ರಿ ಅಂತ ಕೇಳಿದಾಕಿ ನಾನ. ಮಂದಿ ಮರ್ಯಾದಿಗೆ ಆಡಿದ ಮಾತನ್ನ ಬರಕೊಂಡು ಕುಂತಿದ್ನಿ.” ಡಾಕ್ಟರಿಗೂ ಅದು ಹೊಳೆದಿರಲಿಲ್ಲ. ಆ ಫಲಿತಾಂಶ ಹೊರಬಿದ್ದಿದ್ದರೆ, ಹೊಟ್ಟೆಯ ಗಾಯ ಪೂರ್ತಿ ಮಾಯುವ ಮುನ್ನವೇ ಎಷ್ಟೋ ಜನ ಹೊರೆ ಎತ್ತಲು ಹೋಗುತ್ತಿದ್ದರು. ಡಾಕ್ಟರು ಮಂಡನೆಯನ್ನು ಕೈಬಿಟ್ಟರು.

ಎಲ್ಲರನ್ನೂ ಮತ್ತೆ ಕಂಡು ಕೇಳಿದ್ದಾಯಿತು. ಈಗಿನ ಪ್ರಶ್ನೆಗಳೇ ಬೇರೆ: ನಿನ್ನೆ ಏನು ಎತ್ತಿದಿರಿ? ಕೆಮ್ಮಿದರೆ ಎಲ್ಲಿ ಹಿಡಿಯುತ್ತದೆ? ನಿಜವಾದ ಉತ್ತರಗಳು ಬರತೊಡಗಿವೆ. ಸವದತ್ತಿ, ರಾಮದುರ್ಗದ ಸರ್ಜನ್‌ಗಳೂ ಕೈಜೋಡಿಸಲು ಮುಂದೆ ಬಂದಿದ್ದಾರೆ. ಪೂನಮ್ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ಲಗಮಪ್ಪ ಹೊರೆ ಎತ್ತಿ ಟ್ರೇಲರಿಗೆ ಒಗೆಯುತ್ತಾರೆ. ಪೂನಮ್ ಉಸಿರು ಬಿಗಿಹಿಡಿದು ಕೇಳುತ್ತಾರೆ: “ಹೆಂಗ ಅನಸ್ತ್ರಿ ಕಾಕಾ?”

“ಆರಾ...” ಎಂದವರು ಅಲ್ಲಿಗೇ ತಡೆದು, ಹೊಟ್ಟೆ ಮುಟ್ಟಿ ನೋಡಿಕೊಳ್ಳುತ್ತಾರೆ.

“ಬಲಕ್ಕ ಒಂಚೂರು ಜಗ್ಗಿದಂಗ ಆತವ್ವಾ. ನೋವಿಲ್ಲ. ಇದು ಖರೇ ಐತಿ, ಬರಕೋ.”